ಅನುಸೂಯಾಬಾಯಿ ಓಡಿದ ಸಿನಿಮಾ

ಸಾಸ್ತೂರದ ಆಚೆ, ಭೂಕಂಪದ ನಂತರ ಸರಕಾರ ಕಟ್ಟಿಕೊಟ್ಟ ಸಾಲುಮನೆಗಳ ಕೊನೆಯಲ್ಲಿರುವ ಅನುಸೂಯಾಬಾಯಿ ಒಮ್ಮೆ ಸಿನಿಮಾದಲ್ಲಿ ಕಾಣಿಸಿಕೊಂಡವಳು ಎಂದರೆ ಹೊಸಬರು ನಕ್ಕುಬಿಡುತ್ತಾರೆ. ನಗಲಿ ಪಾಪ. ಬಾಯಿ ಬಿಟ್ಟರೆ ಎಲ್ಲಿ ಮುತ್ತು ಉದುರೀತೋ ಎಂಬಂತೆ ಇರುವ ಹೆಂಗಸು ಅವಳು.

ಭೂಕಂಪಕ್ಕೆ ಏಳೆಂಟು ವರ್ಷ ಮೊದಲು ಮುಂಬೈಯ ಸಿನಿಮಾದವರು ಅವಳ ಹಳೆಯ ಊರಿಗೆ ಬಂದಿದ್ದರು. ಯುದ್ಧದ ಚಿತ್ರ; ವೈರಿಯ ಸೈನ್ಯ ಬರುವ ಸುದ್ದಿ ಕೇಳಿದ ಒಂದು ಹಳ್ಳಿಯ ಕಥೆ. ಊರಿನ ದಪ್ಪ ಕಲ್ಲುಗೋಡೆ, ಮಣ್ಣಿನ ಮಾಳಿಗೆ, ಇಕ್ಕಟ್ಟಾದ ಓಣಿ ಅವರಿಗೆ ಬಹಳ ಹಿಡಿಸಿದವು. ಗುಂಡಿಗೆ ಮನೆ ಬೀಳುವುದನ್ನು ತೋರಿಸಲು ಹಲಗೆ, ರಟ್ಟು ತಂದು ಸುಳ್ಳು ಗೋಡೆ ಕಟ್ಟಿದರು. ನಮ್ಮ ಗೋಡೆ ಯಾವ ತೋಪಿಗೂ ಜಗ್ಗುವುದಿಲ್ಲ ಎಂದು ಗಂಡಸರು ಮೀಸೆ ತಿರುವಿದ್ದೇ ತಿರುವಿದ್ದು. ಮುಂದೆ ಊರನ್ನು ಕೊಂದದ್ದು ಅವೇ ಗೋಡೆಗಳು.

ಗಂಟುಮೂಟೆ ಹೊತ್ತು ಓಡುವ ಹೆಂಗಸರ ಗುಂಪಿನಲ್ಲಿ ಅನುಸೂಯಾಬಾಯಿಯೂ ಇದ್ದಳು. ಬಗಲಲ್ಲಿ ಅವಳ ಒಬ್ಬನೇ ಮಗ, ಇನ್ನೂ ಕೈಗೂಸಾದ ರವಿಕಾಂತ. ಆ ಸಿನಿಮಾ ಉಮರ್ಗಾದ ಟಾಕೀಸಿಗೆ ಬಂದಾಗ ಊರ ಗಂಡಸರೆಲ್ಲ ಹೋದರು. ಗಂಡ ಮಾಣಿಕಪ್ಪ ನೋಡಿ ಬಂದು, "ನೀನೂ ಅದಿ, ಕೂಸೂ ಅದ" ಎಂದ. ಅವಳು ಹೋಗಲಿಲ್ಲ. ಜೋಳದ ರಾಶಿಯ ದಿನಗಳು. ಮಗ ಅಂಗಳದಲ್ಲೇ ಓಡಾಡುತ್ತಿರುವಾಗ ಅವನನ್ನು ಪರದೆಯ ಮೇಲೆ ನೋಡುವುದೇನು ಬಂತು?

ಗಣಪತಿಯನ್ನು ಕಳಿಸಿ ಊರು ದಣಿದು ಮಲಗಿದ್ದಾಗ ಭೂಮಿ ನಡುಗಿತು. ರವಿಕಾಂತ ಹೋದ, ಅವನ ಪಕ್ಕದಲ್ಲಿ ಮಲಗಿದ್ದ ಅತ್ತೆ ಸರುಬಾಯಿಯೂ ಹೋದಳು. ಮಗನ ಒಂದೇ ಒಂದು ಫೋಟೋ ಗೋಡೆಯ ಮೇಲಿತ್ತು. ಮಣ್ಣು ತೆಗೆಯುವ ಹೊತ್ತಿಗೆ ಮಳೆ ನೀರು ಹೊಕ್ಕು ಚೌಕಟ್ಟಿನಲ್ಲಿ ಕೊಳೆತ ಕಾಗದ ಉಳಿದಿತ್ತು.

ವರ್ಷಗಳು ಕಳೆದಂತೆ ಅವಳಿಗೊಂದು ಭಯ ಹತ್ತಿಕೊಂಡಿತು. ಮಗನ ದನಿ ನೆನಪಿದೆ, ನಡಿಗೆ ನೆನಪಿದೆ, ಮುಖ ಮಾತ್ರ ಕೈಗೆ ಸಿಗುತ್ತಿಲ್ಲ. ಕಣ್ಣು ಮುಚ್ಚಿದರೆ ಬೇರೆ ಯಾರದೋ ಹುಡುಗನ ಮುಖ ಬಂದು ನಿಲ್ಲುತ್ತದೆ. ಹೆತ್ತವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇನ್ನೇನಿದೆ? ಒಮ್ಮೆ ಆ ಸಿನಿಮಾ ನೋಡಬೇಕು ಎಂದು ಗಂಡನಿಗೆ ಗಂಟುಬಿದ್ದಳು.

"ಅದರ ರೀಲ್ ಸುಟ್ಟು ಹೋಗ್ಯಾವಂತ," ಎಂದ ಮಾಣಿಕಪ್ಪ. ಮತ್ತೊಮ್ಮೆ, "ಟೀವ್ಯಾಗ ಬರ್ತಾದ ಖರೆ, ನಮ್ಮೂರಿಂದು ಕತ್ತರಸ್ಯಾರಂತ," ಎಂದ. ಸುಳ್ಳು ಹೇಳಲು ಬಾರದ ಮನುಷ್ಯ. ಹೇಳುವಾಗ ನೆಲ ನೋಡುತ್ತಿದ್ದ. ಇವನದು ಕಲ್ಲೆದೆ ಎಂದುಕೊಂಡು ಅವಳು ಅವನೊಂದಿಗೆ ಮಾತು ಬಿಟ್ಟಳು.

ಉಮರ್ಗಾದಲ್ಲಿ ಅವಳ ದೊಡ್ಡಮ್ಮನ ಮಗಳು ಮೀರಾಬಾಯಿ ಇದ್ದಳು. ಕಾಳಿನ ವ್ಯಾಪಾರಿಗಳ ಮನೆ, ದೊಡ್ಡ ಟೀವಿ. ಆಗಸ್ಟ್ ಹದಿನೈದಕ್ಕೆ ಆ ಸಿನಿಮಾ ಹಾಕುತ್ತಾರೆ ಎಂದು ಅವಳು ಹೇಳಿಕಳಿಸಿದ್ದೇ ತಡ, ಅನುಸೂಯಾಬಾಯಿ ಗಂಡನಿಗೆ ಹೇಳದೆ ಬೆಳಗಿನ ಬಸ್ಸು ಹತ್ತಿದಳು.

"ಲವಕರ ಬಾ ಅನು, ಚಾಲೂ ಆಗ್ಯಾದ," ಎಂದು ಮೀರಾಬಾಯಿ ಬಾಗಿಲಲ್ಲೇ ಅವಸರ ಮಾಡಿದಳು.

ಟೀವಿಯಲ್ಲಿ ಅವಳ ಊರಿತ್ತು. ಅಗಸಿ ಬಾಗಿಲು, ಬೇವಿನ ಮರ, ಕಲ್ಯಾಣಪ್ಪನ ಅಂಗಡಿ ಕಟ್ಟೆ. ಸೈನ್ಯ ಬಂತೆಂದು ಡಂಗುರ ಹೊಡೆದರು. ಹೆಂಗಸರು ಓಣಿಯಿಂದ ಹೊರಬಿದ್ದರು. ಅಗೋ ಅವಳು, ಹಸಿರು ಸೀರೆಯ ಎಳೆಯ ಬಾಣಂತಿ, ನೇರ ಕ್ಯಾಮರಾದ ಕಡೆಗೇ ಓಡಿ ಬಂದಳು. ಬಗಲಲ್ಲಿ ಕೂಸಿತ್ತು. ಕೂಸಿನ ಮುಖದ ಮೇಲೆ ಸೆರಗಿತ್ತು. ಸೆರಗು ಜಾರಿದಂತಾಯಿತು, ಓಡುತ್ತಲೇ ಅವಳು ಅದನ್ನು ಎಳೆದು, ಅಂಗೈಯಿಂದ ಒತ್ತಿ ಹಿಡಿದಳು. ಎರಡು ಪುಟ್ಟ ಕಾಲು ಒದೆಯುತ್ತ ಮರೆಯಾದವು.

ಆಗ ನೆನಪಾಯಿತು. ಜವಳ, ಅಂದರೆ ಹುಟ್ಟುಗೂದಲು ತೆಗೆಯುವವರೆಗೆ ಕೂಸಿನ ಮುಖ ಫೋಟೋಕ್ಕೆ ಬೀಳಬಾರದು ಎಂಬುದು ಆ ಮನೆಯ ಪದ್ಧತಿ. ಸಿನಿಮಾದ ಯಂತ್ರಕ್ಕೂ ಅದೇ ಕಟ್ಟಳೆ ಎಂದು ಅತ್ತೆ ಹೇಳಿ ಕಳಿಸಿದ್ದಳು. ಇವಳು ಒಳ್ಳೆಯ ಸೊಸೆ. ತಪ್ಪದೆ ಪಾಲಿಸಿದ್ದಳು.

"ಚಹಾ ಕುಡಿಯವಾ," ಎಂದಳು ಮೀರಾಬಾಯಿ. ಅವಳು ಕುಡಿಯಲಿಲ್ಲ.

ಸಂಜೆ ಬಸ್ಸಿಳಿದಾಗ ಮಾಣಿಕಪ್ಪ ನಿಲ್ದಾಣದಲ್ಲೇ ನಿಂತಿದ್ದ. ಅವಳ ಮುಖ ನೋಡಿದವನೇ ಕೈಯಲ್ಲಿದ್ದ ಚೀಲ ಇಸಿದುಕೊಂಡ.

"ನಿಮಗ ಗೊತ್ತಿತ್ತು," ಎಂದಳು. ಎಷ್ಟೋ ತಿಂಗಳ ಮೇಲೆ ಆಡಿದ ಮೊದಲ ಮಾತು.

"ಗೊತ್ತಿತ್ತು. ಅಂವಾ ಎಲ್ಲ್ಯಾರ ಒಂದ್ ಕಡಿ ಉಳದಾನಂತ ನೀ ತಿಳಕೊಂಡಿದ್ದಿ. ಅದನ್ನ ನಾ ಹ್ಯಾಂಗ ಕಸಗೊಳ್ಲಿ?"

ಅವಳು ರಸ್ತೆಯ ಮೇಲೇ ಕುಳಿತುಬಿಟ್ಟಳು. ಬಲಗೈಯನ್ನು ಯಾರದೋ ಕೈಯೆಂಬಂತೆ ತಿರುವಿ ತಿರುವಿ ನೋಡಿದಳು.

"ಮಣ್ಣ ಮುಚ್ಚಿತಂತ ಇಷ್ಟ ವರ್ಷ ಭೂಮಿತಾಯಿಗಿ ಬೈದೆನ್ರೀ," ಎಂದಳು. "ಅಕಿಗಿಂತ ಮೊದಲ ನಾನೇ ಮುಚ್ಚೀನಿ."