ನಿರ್ಮಲ್ ಪೆಟ್ರೋಲ್ ಕದ್ದಿರಲಿಲ್ಲ

ನಿರ್ಮಲ್ ಪೆಟ್ರೋಲ್ ಕದ್ದಿರಲಿಲ್ಲ. ಅದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡು ಕೂತೆ — ಅವನ ನೌಕರಿ ಹೋಗುವಾಗಲೂ, ಸುತ್ತಲ ಊರುಗಳಲ್ಲಿ ಅವನ ಹೆಸರು ಕೆಡುವಾಗಲೂ. ಅವನು ಓಡಿಸುತ್ತಿದ್ದ ಕಾರು ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಕುಡಿಯುವಂತೆ ಮಾಡಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಡುವೆ ಎಲ್ಲೋ ನನ್ನನ್ನು ಉಳಿಸಿಕೊಳ್ಳುವ ಜಾಣತನ ಶುರುವಾಗುತ್ತದೆ. ನನ್ನ ಬುದ್ಧಿ ನನಗೆ ಗೊತ್ತು.

ಸಿಂಧನೂರಿನ ಮಸ್ಕಿ ರಸ್ತೆಯಲ್ಲಿ ನನ್ನದೊಂದು ಗ್ಯಾರೇಜಿದೆ. ನಾನು ಕಾರ್ಬುರೇಟರ್ ಕಾಲದ ಮಿಸ್ತ್ರಿ. ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಒಂದು ಸ್ಕ್ರೂ ಅತ್ತಿತ್ತ ತಿರುಗಿಸಿ ಗಾಡಿಯನ್ನು ದಾರಿಗೆ ತರುತ್ತಿದ್ದೆ. ಬಸಣ್ಣನ ಕಿವಿ ಅಂದರೆ ಕಿವಿ ಎಂದು ಜನ ಹೊಗಳುತ್ತಿದ್ದರು, ನಾನೂ ಉಬ್ಬುತ್ತಿದ್ದೆ. ಇಂಜೆಕ್ಷನ್ ಗಾಡಿಗಳು ಬಂದ ಮೇಲೆ ಪೆಟ್ರೋಲಿನ ಒತ್ತಡ ಅಳೆಯುವ ಗೇಜನ್ನೇನೋ ತಂದೆ. ಆದರೆ ಅದನ್ನು ಹಚ್ಚಿ ಕಾಯುತ್ತ ಕೂರುವುದೆಂದರೆ ನನಗೆ ಅವಮಾನ. ಒಂದು ಸಲ ಮುಳ್ಳು ನೋಡಿ ಬಿಚ್ಚಿಡುತ್ತಿದ್ದೆ.

ಆ ಕಾರು ಮಸ್ಕಿಯ ಶರಣಪ್ಪ ಸಾಹುಕಾರರದು, ಬೀಜ–ಗೊಬ್ಬರದ ಅಂಗಡಿಯವರು. ಅದರ ಡ್ರೈವರ್ ನಿರ್ಮಲ್, ನಿರಾಶ್ರಿತರಿಗೆಂದು ಕಟ್ಟಿದ ಆರ್.ಎಚ್. ಕ್ಯಾಂಪಿನ ಬಂಗಾಲಿ ಹುಡುಗ. ಕ್ಯಾಂಪಿನವರ ರೂಢಿಯಂತೆ ನನ್ನನ್ನು ದಾದಾ, ಅಂದರೆ ಅಣ್ಣ, ಎನ್ನುತ್ತಿದ್ದ. ಗಾಡಿಯನ್ನು ಅವನು ನೋಡಿಕೊಳ್ಳುತ್ತಿದ್ದ ರೀತಿ... ಇರಲಿ, ಈಗ ಅವನನ್ನು ಹೊಗಳಿ ನಾನು ದೊಡ್ಡವನಾಗುವುದು ಬೇಡ.

ಒಮ್ಮೆ ಆ ಕಾರು ಏರಿನಲ್ಲಿ ಮುಗ್ಗರಿಸುತ್ತಿದೆ ಎಂದು ತಂದ. ಗೇಜ್ ಹಚ್ಚಿದೆ, ಒತ್ತಡ ಕಡಿಮೆ. ಇಂಥ ಗಾಡಿಯಲ್ಲಿ ಟ್ಯಾಂಕಿನ ಪಂಪು ಪೆಟ್ರೋಲನ್ನು ಒತ್ತಿ ಎಂಜಿನ್ನಿಗೆ ಕಳಿಸುತ್ತದೆ. ಬೇಕಾದಷ್ಟು ಒತ್ತಡ ಉಳಿಸಿಕೊಂಡು ಮಿಕ್ಕಿದ್ದನ್ನು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ಮರಳಿಸಲು ರೆಗ್ಯುಲೇಟರ್ ಎಂಬ ಪುಟ್ಟ ಡಬ್ಬಿ ಇರುತ್ತದೆ. ನಾನು ಪಕ್ಕಡದಿಂದ ಆ ರಿಟರ್ನ್ ರಬ್ಬರ್ ಪೈಪನ್ನು ಹಿಚುಕಿದೆ — ಮುಳ್ಳು ಸರ್ರನೆ ಏರಿತು. ಅಂದರೆ ಪಂಪು ಗಟ್ಟಿಯಿದೆ, ಕೆಟ್ಟಿರುವುದು ರೆಗ್ಯುಲೇಟರ್. ಅಲ್ಲಿಯವರೆಗೆ ನಾನು ಮಾಡಿದ್ದು ಸರಿಯೇ ಇತ್ತು.

ಹೊಸ ರೆಗ್ಯುಲೇಟರ್ ನಮ್ಮಲ್ಲಿ ಸಿಗಲಿಲ್ಲ, ಹೊರಗಿನಿಂದ ತರಿಸಬೇಕು. ಸಾಹುಕಾರರಿಗೆ ಅವಸರ, ಮನೆಯಲ್ಲಿ ಮದುವೆ. ಪಕ್ಕಡ ಹಿಡಿದಿದ್ದ ಜಾಗಕ್ಕೇ ಒಂದು ಸ್ಕ್ರೂ ಕ್ಲಿಪ್ಪು ಬಿಗಿದೆ. ಮುಳ್ಳು ಸರಿಯಾದ ಗೆರೆಗೆ ಬಂದು ನಿಂತಿತು, ನಾನು ಗೇಜ್ ಬಿಚ್ಚಿದೆ. ಎಂಜಿನ್ ಬಿಸಿಯಾದ ಮೇಲೆ, ರೇಸ್ ಏರಿಸಿ ಇಳಿಸಿದಾಗ ಒತ್ತಡ ಎಲ್ಲಿಗೆ ಹೋಗುತ್ತದೆ ಎಂದು ನೋಡಲೇ ಇಲ್ಲ. ರೆಗ್ಯುಲೇಟರ್ ಎಂಜಿನ್ನಿನ ಎಳೆತ ನೋಡಿ ಹೆಚ್ಚು ಕಡಿಮೆ ಮಾಡುತ್ತದೆ, ಕ್ಲಿಪ್ಪಿಗೇನು ಗೊತ್ತು? ಸಾಹುಕಾರರು ಕೇಳಿದಾಗ, ಹೊಸದು ಹಾಕಿದ್ದೇನೆ ಎಂದುಬಿಟ್ಟೆ. ಯಾಕೆಂದೆ? ನನ್ನ ಕೈಯಲ್ಲಿ ಆಗಲಿಲ್ಲ ಎನ್ನುವುದಕ್ಕೆ ನಾಲಿಗೆ ಹೊರಳಲಿಲ್ಲ, ಅಷ್ಟೇ.

ಕೆಲವೇ ದಿನಕ್ಕೆ ನಿರ್ಮಲ್ ಮರಳಿ ಬಂದ.

"ದಾದಾ, ಗಾಡಿ ಪೆಟ್ರೋಲ್ ಭಾಳ ಕುಡ್ಯಾಕತ್ತೈತಿ. ಸೈಲೆನ್ಸರ್ ಬಾಯಿ ಕರ್ರಗ ಆಗೈತಿ. ಒಮ್ಮೆ ನೋಡು."

ಕೇಳುತ್ತಲೇ ನನಗೆ ತಿಳಿಯಿತು. ಒತ್ತಡ ಮಿತಿಮೀರಿ ಎಂಜಿನ್ನಿಗೆ ಪೆಟ್ರೋಲ್ ಸುರಿಯುತ್ತಿತ್ತು. ಬಾನೆಟ್ ಎತ್ತಿದರೆ ಕ್ಲಿಪ್ಪು ಕಾಣುತ್ತದೆ, ಕ್ಲಿಪ್ಪು ಕಂಡರೆ ನನ್ನ ಸುಳ್ಳು ಕಾಣುತ್ತದೆ — "ಗಾಡಿಗೇನಾಗಿಲ್ಲಲೇ, ಎಕ್ಸಿಲೇಟರ್ ಮ್ಯಾಲಿನ ಕಾಲು ಹಗುರ ಮಾಡು" ಎಂದು ಬೈದು ಕಳಿಸಿದೆ.

ಸಾಹುಕಾರರು ತಾವೇ ಟ್ಯಾಂಕ್ ಫುಲ್ ಮಾಡಿಸಿ, ಲಿಂಗಸುಗೂರಿಗೆ ಹೋಗಿಬಂದ ಮರುದಿನ ಬೆಳಿಗ್ಗೆ ಮತ್ತೆ ಫುಲ್ ಮಾಡಿಸಿ ಲೆಕ್ಕ ನೋಡಿದರು. ಆವರೇಜ್ ನೆಲಕಚ್ಚಿತ್ತು. ಗಾಡಿ ರಾತ್ರಿ ನಿಲ್ಲುತ್ತಿದ್ದುದು ನಿರ್ಮಲನ ಮನೆಯ ಮುಂದೆ, ಅನುಮಾನ ಅವನ ಮೇಲೆಯೇ ಬಿತ್ತು. ಅವನನ್ನು ಜೊತೆಗೇ ಕರೆದುಕೊಂಡು ನನ್ನ ಗ್ಯಾರೇಜಿಗೆ ಬಂದರು.

"ಮಿಸ್ತ್ರಿ, ಖರೇ ಹೇಳು. ಗಾಡ್ಯಾಗ ಏನರ ದೋಷ ಐತೇನು?"

ನಿರ್ಮಲ್ ನನ್ನ ಮುಖವನ್ನೇ ನೋಡುತ್ತಿದ್ದ. ಅವನ ಕಣ್ಣಲ್ಲಿ ಭಯವೇ ಇರಲಿಲ್ಲ. ದಾದಾ ಇದ್ದಾನಲ್ಲ ಎಂಬ ಧೈರ್ಯವಿತ್ತು.

"ಗಾಡಿ ಬರೋಬ್ಬರಿ ಐತ್ರಿ ಸಾಹುಕಾರ್ರ" ಎಂದೆ.

ಅಷ್ಟೇ. ಅವನನ್ನು ಕಳ್ಳ ಎಂದು ನಾನು ಹೇಳಲಿಲ್ಲ — ಹಾಗೆಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಥೂ. ಸಾಹುಕಾರರು ಕೀಲಿ ಕೇಳಿದರು. ನಿರ್ಮಲ್ ಅಲ್ಲೇ ಕೊಟ್ಟು, ಬಸ್ಸು ಹಿಡಿದು ಕ್ಯಾಂಪಿಗೆ ಹೋದ.

ಇದಕ್ಕಿಂತ ದೊಡ್ಡ ಪಾಪವನ್ನು ಆಮೇಲೆ ಮಾಡಿದೆ. ನಿರ್ಮಲ್ ಹೋದ ಎರಡೇ ದಿನಕ್ಕೆ, ತರಿಸಿದ ರೆಗ್ಯುಲೇಟರ್ ಬಂದಾಗ, ಸರ್ವಿಸಿನ ನೆಪದಲ್ಲಿ ಕಾರು ತರಿಸಿಕೊಂಡು ಗುಟ್ಟಾಗಿ ಹಾಕಿದೆ, ಕ್ಲಿಪ್ಪು ಬಿಚ್ಚಿ ಎಸೆದೆ. ಆವರೇಜ್ ಮೊದಲಿನಂತಾಯಿತು. ಆಗ ಸ್ಟಿಯರಿಂಗ್ ಹಿಡಿದಿದ್ದವನು ಹೊಸ ಡ್ರೈವರ್. "ನೋಡ್ರಿ, ಡ್ರೈವರ್ ಹೋದ, ಪೆಟ್ರೋಲ್ ಉಳೀತು" ಎಂದು ಸಾಹುಕಾರರು ಅಂಗಡಿಗೆ ಬಂದವರಿಗೆಲ್ಲ ಹೇಳಿದರು. ನನ್ನ ರಿಪೇರಿಯೇ ನಿರ್ಮಲನ ಮೇಲೆ ಸಾಕ್ಷಿಯಾಯಿತು. ಮುಂದೆ ಯಾರೂ ಅವನ ಕೈಗೆ ಗಾಡಿಯ ಕೀಲಿ ಕೊಡಲಿಲ್ಲ. ಅವನು ರೈಸ್ ಮಿಲ್ಲಿನಲ್ಲಿ ಚೀಲ ಹೊರತೊಡಗಿದ. ಮೈತುಂಬ ತೌಡಿನ ಧೂಳು ಮೆತ್ತಿಕೊಂಡು ಸೈಕಲ್ಲಿನಲ್ಲಿ ನನ್ನ ಗ್ಯಾರೇಜಿನ ಮುಂದೆಯೇ ಹೋಗುತ್ತಿದ್ದ. ನಾನು ಯಾವುದಾದರೂ ಬಾನೆಟ್ಟಿನೊಳಗೆ ತಲೆ ಹಾಕುತ್ತಿದ್ದೆ. ವರ್ಷಗಟ್ಟಲೆ ಹೀಗೇ.

ಈ ಬೇಸಿಗೆಯಲ್ಲಿ ಲಿಂಗಸುಗೂರಿನ ಖಾಸಗಿ ಆಸ್ಪತ್ರೆಯೊಂದರ ಮ್ಯಾನೇಜರ್ ರಿಪೇರಿಗೆಂದು ಬಂದಿದ್ದರು. ಮಾತಿನ ನಡುವೆ, "ಆಂಬುಲೆನ್ಸಿಗೆ ಡ್ರೈವರ್ ಬೇಕಾಗ್ಯಾನ್ರಿ. ಕ್ಯಾಂಪಿನ ನಿರ್ಮಲ್ ಅಂತ ಒಬ್ಬಾಂವ ಬಂದು ಕೇಳ್ಯಾನ. ಅಂವ ಪೆಟ್ರೋಲ್ ಕದೀತಾನಂತ, ಹೌದೇನ್ರಿ?" ಎಂದರು.

ಅದೇ ಪ್ರಶ್ನೆ, ಅದೇ ಗ್ಯಾರೇಜು.

"ಇಲ್ರಿ. ಅಂವ ಕದ್ದಿಲ್ಲ. ಆ ಗಾಡಿ ಕೆಡಿಸಿದಾಂವ ನಾನು."

ಅವರು ಎಲ್ಲವನ್ನೂ ಕೇಳಿಸಿಕೊಂಡರು. "ಇದನ್ನ ಸಾಹುಕಾರ್ರ ಬಾಯಿಂದ ಹೇಳಸ್ರಿ. ನಮ್ಮ ಡಾಕ್ಟರು ಅವರನ್ನ ಕೇಳದ ತಗೊಳ್ಳಂಗಿಲ್ಲ" ಎಂದು ಹೋದರು.

ಮೊದಲು ಕ್ಯಾಂಪಿಗೆ ಹೋದೆ. ನಿರ್ಮಲ್ ಮನೆಯ ಮುಂದಿನ ಕೆರೆಯ ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅವನ ಹೆಂಡತಿ ಒಳಗಿನಿಂದ ನೀರು ತಂದುಕೊಟ್ಟಳು. ನಿರ್ಮಲ್ ಬಲೆಯಿಂದ ತಲೆಯೆತ್ತದೆ ಹೇಳಿದ:

"ನನಗ್ಯಾಕ ಹೇಳ್ತೀ ಮಿಸ್ತ್ರಿ? ನಾ ಕದ್ದಿಲ್ಲಂತ ನನಗ ಗೊತ್ತೈತಿ. ಗೊತ್ತಿಲ್ಲದವರಿಗೆ ಹೋಗಿ ಹೇಳು."

ದಾದಾ ಎನ್ನಲಿಲ್ಲ. ಎನ್ನಬೇಕಾಗಿಯೂ ಇರಲಿಲ್ಲ.

ಮಸ್ಕಿಯ ಅಂಗಡಿಯಲ್ಲಿ ಬಿತ್ತನೆಯ ಗದ್ದಲ. ಪಾಮನಕಲ್ಲೂರಿನ ಕಡೆಯ ರೈತರು ಸಜ್ಜೆ, ತೊಗರಿಯ ಬೀಜಕ್ಕೆ ಬಂದು ಕೂತಿದ್ದರು. ಒಳಗೆ ಕರೆದು ಹೇಳೋಣವೆಂದು ಒಂದು ಕ್ಷಣ ಅನ್ನಿಸಿತು — ಸುಳ್ಳೇಕೆ, ಬಹಳ ಹೊತ್ತು ಅನ್ನಿಸಿತು. ಆದರೆ ಅವನ ಹೆಸರು ಕೆಟ್ಟದ್ದು ಇದೇ ಕಟ್ಟೆಯ ಮೇಲೆ. ಎಲ್ಲರ ಎದುರಿಗೇ ಬಾಯಿಬಿಟ್ಟೆ.

ಸಾಹುಕಾರರ ಮುಖ ಕಪ್ಪಿಟ್ಟಿತು. "ಹೊಸಾದು ಹಾಕೀನಿ ಅಂದಿದ್ದೆಲ್ಲೋ?"

"ಸುಳ್ಳು ಹೇಳಿದ್ದೆರಿ."

"ನಿನ್ನ ಮಾತು ನಂಬಿ ಆ ಹುಡುಗನ್ನ ಊರ ತುಂಬ ಕಳ್ಳ ಅಂದೆನಲ್ಲೋ, ಹಾಳಾದವನ..." ಅವರು ಕೈಯಲ್ಲಿದ್ದ ಬಿಲ್ ಪುಸ್ತಕವನ್ನು ಪಕ್ಕಕ್ಕೆ ತಳ್ಳಿದರು.

ಹಿಂದೆ ಕೂತಿದ್ದ ಮುದುಕರೊಬ್ಬರು ಕಿವಿಗೆ ಕೈ ಆನಿಸಿದರು. "ಏನಂದ್ಯಪಾ? ನನಗ ಕೇಳ್ಸಲಿಲ್ಲ, ಜೋರಾಗಿ ಹೇಳು."

"ನಿರ್ಮಲ್ ಕಳ್ಳ ಅಲ್ರಿ ಯಜ್ಜಾ. ತಪ್ಪು ನಂದು" ಎಂದು ಕೂಗಿ ಹೇಳಿದೆ. ಎರಡನೆಯ ಸಲ ಹೇಳುವುದು ಅಷ್ಟು ಕಷ್ಟವಾಗಲಿಲ್ಲ. ಸಾಹುಕಾರರು ಮೊಬೈಲ್ ತೆಗೆದು, ಎಲ್ಲರಿಗೂ ಕೇಳುವಂತೆ ಆಸ್ಪತ್ರೆಯವರೊಡನೆ ಮಾತಾಡಿದರು.

ನಿರ್ಮಲ್ ಈಗ ಆಂಬುಲೆನ್ಸ್ ಓಡಿಸುತ್ತಾನೆ. ನನ್ನನ್ನು ಕ್ಷಮಿಸಿಲ್ಲ, ನಾನೂ ಕೇಳಿಲ್ಲ. ಮಿಲ್ಲಿನಲ್ಲಿ ಕಳೆದ ಅವನ ವರ್ಷಗಳನ್ನು ಯಾವ ರಿಪೇರಿಯಿಂದ ತಂದುಕೊಡಲಿ?

ಮೊನ್ನೆ ಸಿಂಧನೂರಿನ ಬಸ್ ನಿಲ್ದಾಣದ ಬಳಿ ಚಹಾ ಕುಡಿಯುತ್ತಿದ್ದಾಗ ಅವನ ಆಂಬುಲೆನ್ಸ್ ಹಾದುಹೋಯಿತು. ಪಕ್ಕದವನೊಬ್ಬ, "ಪೆಟ್ರೋಲ್ ಕಳುವು ಮಾಡಿ ನೌಕರಿ ಕಳ್ಕೊಂಡಾಂವ ಅಲ್ಲೇನು ಇಂವ?" ಎಂದ. ನಾನು ಕಪ್ಪು ಕೆಳಗಿಟ್ಟು ಅವನತ್ತ ತಿರುಗಿದೆ.

"ಕುಂದ್ರಪಾ, ಹೋಗಬ್ಯಾಡ. ಆ ಕತಿ ನಾ ಹೇಳ್ತೀನಿ. ತಪ್ಪು ಮಾಡಿದಾಂವ ನಿನ್ನ ಮುಂದ ಕುಂತಾನ."