ಝಟಕಾ ಬೇಲಿ ಮತ್ತು ಮಿಡಿಯುವ ನಕ್ಷತ್ರ

ನಿತ್ಯ ಕೇಳುವ ಸದ್ದು ಕೆಲವು ದಿನಗಳಾದ ಮೇಲೆ ಕಿವಿಗೆ ಬೀಳುವುದೇ ಇಲ್ಲ. ನಿಮ್ಮ ಮನೆಯ ಫ್ಯಾನಿನ ಕಿರುಗುಟ್ಟುವಿಕೆಯೂ ಹಾಗೆಯೇ ಇರಬಹುದು. ರಾಣೆಬೆನ್ನೂರಿನ ಹತ್ತಿರದ ನಮ್ಮ ಹೊಲದಲ್ಲಿ ಅಂಥ ಸದ್ದು ಝಟಕಾ ಮಷಿನ್ನಿನ ಟಕ್ ಟಕ್. ಗೋವಿನಜೋಳಕ್ಕೆ ನುಗ್ಗುವ ಚಿಗರಿ ಜಿಂಕೆಗಳನ್ನು ಹೆದರಿಸಲು ಬ್ಯಾಡಗಿಯಿಂದ ತಂದದ್ದು. ಬೇಲಿಯ ತಂತಿಗೆ ಸೆಕೆಂಡಿಗೊಮ್ಮೆ ಸಣ್ಣ ಶಾಕ್ ಬಿಡುತ್ತದೆ.

ನಾನು ಏಳನೆಯ ಇಯತ್ತೆಗೇ ಶಾಲೆ ಬಿಟ್ಟವಳು. ತಂಗಿ ಗಿರಿಜಾ ನಕ್ಷತ್ರಗಳ ವಿದ್ಯೆ ಓದಿದವಳು. ಆಕಾಶದಿಂದ ಬರುವ ರೇಡಿಯೊ ಅಲೆಗಳನ್ನು ಹಿಡಿಯಲು ನೂರಾರು ಆ್ಯಂಟೆನಾಗಳ ದೊಡ್ಡ ದೂರದರ್ಶಕ ಕಟ್ಟಬೇಕೆಂದು ಅವಳ ತಂಡದ ಆಸೆ. ಅದಕ್ಕೆ ಮಾದರಿಯಾಗಿ ಹಾವೇರಿಯಿಂದ ಪೈಪು ತರಿಸಿ ನಮ್ಮ ಬೀಳು ಹೊಲದಲ್ಲಿ ಒಂದು ಸಾಲು ಆ್ಯಂಟೆನಾ ನೆಟ್ಟಳು. ಬಟ್ಟೆ ಒಣಹಾಕಲು ಅನುಕೂಲವಾಯಿತೆಂದು ನಾನು ಒಮ್ಮೆ ಸೀರೆ ಹರವಿದ್ದೂ ಉಂಟು.

"ಅಕ್ಕಾ, ಮಧ್ಯಾಹ್ನ ಬೇಲಿ ಬಂದ್ ಇಡು. ಅದರ ಕಿಡಿ ಇದಕ್ಕ ಸಿಡಿಲಿನಂಗ ಕೇಳತೈತಿ" ಎಂದಿದ್ದಳು.

ಹೂಂ ಎಂದೆ. ಆದರೆ ತೆನೆ ಹಾಲುಗಟ್ಟಿತ್ತು, ಬೇಲಿಯಾಚೆ ಚಿಗರಿಗಳ ಹಿಂಡು ನಿಂತಿತ್ತು. ಮಷಿನ್ ಹಚ್ಚಿಯೇ ಬಿಟ್ಟೆ.

ಸಂಜೆ ಗಿರಿಜಾ ಲ್ಯಾಪ್‌ಟಾಪ್ ಎತ್ತಿಕೊಂಡು ಓಡಿಬಂದಳು. ಹಗಲಲ್ಲಿ ಕಣ್ಣಿಗೆ ಕಾಣದಿದ್ದರೂ ಮಧ್ಯಾಹ್ನ ನೆತ್ತಿಯ ಮೇಲೆ ಬರುವ, ಗಡಿಯಾರದಂತೆ ಮಿಡಿಯುವ ನಕ್ಷತ್ರವೊಂದನ್ನು ಅವಳು ಹುಡುಕುತ್ತಿದ್ದಳು. ಪರದೆಯ ಮೇಲೆ ಸೆಕೆಂಡಿಗೊಂದರಂತೆ ಸಮಸಮನಾದ ಮೊನೆಗಳು.

"ಬೇಲಿ ಬಂದ್ ಇತ್ತಲ್ಲ ಅಕ್ಕಾ?"

"ಇತ್ತವಾ."

"ಹಂಗಾದ್ರ ನಾಳೆ ಇನ್ನೊಮ್ಮೆ ನೋಡಿ ನಮ್ಮ ಸರ್‌ಗೆ ಕಳಸ್ತೇನಿ."

ಸುಳ್ಳು ಹೇಳಲು ನನಗೆ ಹೆಚ್ಚಿನ ಓದೇನೂ ಬೇಕಾಗಲಿಲ್ಲ. ನನ್ನ ಬೇಲಿಯನ್ನು ನಕ್ಷತ್ರವೆಂದು ಕಳಿಸಿದರೆ ಅವಳ ಮಾತನ್ನು ಮುಂದೆ ಯಾರು ನಂಬುತ್ತಾರೆ ಎಂಬುದೂ ತಿಳಿಯದ್ದೇನಲ್ಲ. ಮರುದಿನ ಬೆಳಿಗ್ಗೆ ಅವಳು ಗುನುಗುತ್ತ ಕೇಬಲ್ ಒರೆಸುವುದನ್ನು ನೋಡಲಾಗದೆ ನಿಜ ಹೇಳಿಬಿಟ್ಟೆ.

ಬೈಯಲಿಲ್ಲ. "ಅಷ್ಟು ದೂರದ್ದು ಕೇಳಾಕ ಇಷ್ಟೆಲ್ಲಾ ಕಟ್ಟೇನಿ. ಮಗ್ಗಲದಾಗ ಇದ್ದ ನೀನ ಸುಳ್ಳು ಹೇಳಿದ್ರ ಏನ್ ಮಾಡ್ಲಿ?" ಎಂದಳು.

ಮಧ್ಯಾಹ್ನ ಮಷಿನ್ ಬಂದ್ ಮಾಡಿ, ಕೋಲು ಹಿಡಿದು ಬದುವಿನ ಮೇಲೆ ನಿಂತೆ. ಚಿಗರಿಗಳು ಬಂದವು. ಆ್ಯಂಟೆನಾಗೆ ಕೇಳಿಸೀತೆಂದು ಪಿಸುದನಿಯಲ್ಲಿ "ಹುಶ್, ಹುಶ್" ಎನ್ನುತ್ತಿದ್ದೆ.

"ಜೋರ್ ಒದರಬೇ ಅಕ್ಕಾ, ನಿನ್ನ ದನಿ ಇದಕ್ಕ ಕೇಳೂದಿಲ್ಲ!" ಎಂದು ಗಿರಿಜಾ ಕೂಗಿದಳು. ಬೆಳಿಗ್ಗೆಯಿಂದ ಅವಳು ಆಡಿದ ಎರಡನೆಯ ಮಾತು ಅದು. ಗಂಟಲು ಹರಿಯುವಂತೆ ಒದರಿದೆ.

ಸಂಜೆ ಅವಳ ಪಕ್ಕದಲ್ಲಿ ಕುಳಿತು ಪರದೆ ನೋಡಿದೆ. ಗೆರೆ ಸಪಾಟಾಗಿತ್ತು.

"ಏನೂ ಬಂದಿಲ್ಲಲ್ಲವಾ."

"ಇಲ್ಲ. ಆದ್ರ ಇದು ಖರೇ ಐತಿ" ಎಂದು ಗಿರಿಜಾ ಅದನ್ನೇ ಸರ್‌ಗೆ ಕಳಿಸಿದಳು.