ಐದನೆಯ ಚೆಂಡು ಹಿಡಿದವನ ಕಾರ್ಡು

ಅವಳನ್ನು ಎಲ್ಲರೂ ಕಾರ್ಡಮ್ಮ ಎನ್ನುತ್ತಿದ್ದರು. ಕೀಲಿಕೈ ಮಾಡುವವನ ಅಂಗಡಿಗೂ ಇಸ್ತ್ರಿ ಅಂಗಡಿಗೂ ನಡುವೆ, ಮೆಟ್ಟಿಲ ಕೆಳಗಿನ ಕಿರುಕೋಣೆಯಲ್ಲಿ, ಇಪ್ಪತ್ತಾರು ವರ್ಷಗಳಿಂದ ಆಟಗಾರರ ಚಿತ್ರವಿರುವ ಕಾರ್ಡುಗಳನ್ನು ಮಾರುತ್ತಿದ್ದಳು. ಅದಕ್ಕೂ ಮೊದಲು ಅಂಥ ಕಾರ್ಡುಗಳನ್ನೇ ಅಚ್ಚು ಹಾಕುವ ಮುದ್ರಣಾಲಯದಲ್ಲಿ ಹಾಳೆ ಕತ್ತರಿಸುವ ಕೆಲಸ. ಹಾಗಾಗಿ ಕಾರ್ಡನ್ನು ದೀಪದ ಕೆಳಗೆ ಒಮ್ಮೆ ಓರೆ ಮಾಡಿದರೆ ಸಾಕು, ಯಾವ ಮೂಲೆ ಸವೆದಿದೆ, ಯಾವ ಅಂಚು ಕೂದಲೆಳೆಯಷ್ಟು ವಾರೆಯಾಗಿದೆ ಎಂದು ಹೇಳಿಬಿಡುತ್ತಿದ್ದಳು.

ವ್ಯಾಪಾರ ಮೊಬೈಲಿಗೆ ಹೋದ ಮೇಲೆ ಗಿರಾಕಿಗಳ ರೀತಿಯೇ ಬದಲಾಯಿತು. ಒಂದು ಕೈಯಲ್ಲಿ ಕಾರ್ಡು, ಇನ್ನೊಂದರಲ್ಲಿ ಮೊಬೈಲು. ಎರಡರ ಬೆಲೆಯನ್ನೂ ಹೋಲಿಸಿ ನೋಡಿ, “ಆಮೇಲೆ ಬರ್ತೀನಿ” ಎಂದು ಹೊರಡುವರು. ಆ ಆಮೇಲೆ ಎಂಬುದು ಬರುತ್ತಲೇ ಇರಲಿಲ್ಲ. ಕೊನೆಗೆ, ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ತಂಗಿಯ ಮಗಳು ಒಂದು ರಜೆಯ ದಿನ ಬಂದು ಅವಳಿಗೂ ಒಂದು ಆನ್‌ಲೈನ್ ಅಂಗಡಿ ತೆರೆದುಕೊಟ್ಟಳು.

ಪ್ರತಿ ಕಾರ್ಡಿನ ಚಿತ್ರದ ಕೆಳಗೆ ಕಾರ್ಡಮ್ಮ ಉದ್ದುದ್ದ ಬರೆಸಿದಳು: ಬಲಗಡೆ ಮೂಲೆ ಮೆತ್ತಗಾಗಿದೆ, ಹಿಂಬದಿಯ ಗೀರು ಬೆಳಕಿಗೆ ಹಿಡಿದರೆ ಕಾಣುತ್ತದೆ.

“ದೊಡ್ಡಮ್ಮ, ನೀನು ಮಾರ್ತಾ ಇದ್ದೀಯೋ, ಚಾಡಿ ಹೇಳ್ತಾ ಇದ್ದೀಯೋ?”

“ಅವರಿಗೆ ಕೈಯಲ್ಲಿ ಹಿಡಿದು ನೋಡೋಕಾಗಲ್ವಲ್ಲ. ನಾನೇ ನೋಡಿ ಹೇಳ್ಬೇಕು.”

ಆಶ್ಚರ್ಯವೆಂದರೆ, ಆ ಚಾಡಿಯನ್ನು ನಂಬಿಯೇ ಜನ ಕೊಳ್ಳತೊಡಗಿದರು.

ಮೊಬೈಲಿನ ಗೊಡವೆಗೇ ಹೋಗದ ಗಿರಾಕಿ ಒಬ್ಬನಿದ್ದ, ನಿವೃತ್ತ ಬಸ್ ಡ್ರೈವರ್. ಫುಟ್‌ಬಾಲಿನ ಗೋಲ್‌ಕೀಪರುಗಳ ಕಾರ್ಡು ಬಿಟ್ಟು ಬೇರೇನೂ ಅವನಿಗೆ ಬೇಡ. ಅವನ ಆಲ್ಬಮ್ಮಿನಲ್ಲಿ ಖಾಲಿ ಉಳಿದದ್ದು ಒಂದೇ ಜಾಗ: ಒಂದೇ ವರ್ಷ ಆಡಿ ಮರೆಯಾದ, ಸಣ್ಣ ತಂಡವೊಂದರ ಬದಲಿ ಗೋಲ್‌ಕೀಪರನದು. ಹತ್ತೊಂಬತ್ತು ವರ್ಷ ಪ್ರತಿ ಗುರುವಾರ ಬಂದು, “ಬಂದನಾ?” ಎಂದು ಕೇಳುತ್ತಿದ್ದ. “ಇನ್ನೂ ಇಲ್ಲ” ಎನ್ನುವಳು. ಆಮೇಲೆ ಎರಡು ಗಂಟೆ ಮಾತು. ಗಂಡ ತೀರಿಕೊಂಡ ಮೇಲೆ ಕಾರ್ಡಮ್ಮ ಅಷ್ಟು ಹೊತ್ತು ಮಾತಾಡುತ್ತಿದ್ದದ್ದು ಅವನೊಬ್ಬನೊಡನೆಯೇ.

ಒಂದು ಮಂಗಳವಾರ ಮಧ್ಯಾಹ್ನ ಬೇರೆ ಯಾರದೋ ಆನ್‌ಲೈನ್ ಪುಟದಲ್ಲಿ ಆ ಗೋಲ್‌ಕೀಪರ್ ಕಾಣಿಸಿದ. ದಪ್ಪ ಮೀಸೆ, ಎದೆಗೊತ್ತಿಕೊಂಡ ಚೆಂಡು. ಡ್ರೈವರಿಗೆ ತಿಳಿಸೋಣವೆಂದು ಫೋನಿಗೆ ಕೈ ಚಾಚಿದವಳು ಹಾಗೇ ಹಿಂದೆಗೆದುಕೊಂಡಳು. ಇದು ಸಿಕ್ಕಿಬಿಟ್ಟರೆ ಅವನು ಗುರುವಾರ ಯಾಕೆ ಬರಬೇಕು?

ಗುರುವಾರ ಅವನು ಎಂದಿನಂತೆ ಕೇಳಿದ. “ಇಲ್ಲ” ಎಂದಳು. ಅಂಗಡಿಗಂತೂ ಬಂದಿಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆದರೆ ಆ ಸಮಾಧಾನ ಒಂದು ವಾರವೂ ನಿಲ್ಲಲಿಲ್ಲ. ಮುಂದಿನ ಗುರುವಾರ ಅವನು ಕೂರುವ ಮೊದಲೇ ವಿಷಯ ಹೇಳಿ ಪುಟ ತೆರೆದಳು. ಕಾರ್ಡು ಮಾರಾಟವಾಗಿಹೋಗಿತ್ತು.

“ಯಾವತ್ತು ನೋಡಿದ್ರಿ?”

“ಹೋದ ವಾರ. ಮಂಗಳವಾರ.”

ಅವನು ಬೆರಳು ಮಡಿಸಿದ. “ಒಂಬತ್ತು ದಿನ. ನಡುವೆ ನಾನು ಬಂದು ಕೇಳಿದ್ನಲ್ಲ?”

“ಕೇಳಿದ್ರಿ. ಸಿಕ್ಕಿದ್ರೆ ನೀವು ಬರೋದು ನಿಂತುಹೋಗುತ್ತೆ ಅನ್ನಿಸ್ತು.”

ಅವನು ಆಲ್ಬಮ್ ಮುಚ್ಚಿ ಎದ್ದ. “ಈಗಲೂ ನಿಂತುಹೋಯ್ತು.”

ಮೂರು ಗುರುವಾರ ಕುರ್ಚಿ ಖಾಲಿ ಉಳಿಯಿತು. ಕಾರ್ಡಮ್ಮ ಆ ಕಾರ್ಡು ಮಾರಿದವನ ಮೂಲಕ ಕೊಂಡವರಿಗೆ ಒಂದು ಪತ್ರ ಕಳಿಸಿದಳು. ತನ್ನ ತಪ್ಪನ್ನೂ ಸೇರಿಸಿ ನಡೆದದ್ದೆಲ್ಲ ಬರೆದಳು. ವಾರದೊಳಗೆ ಉತ್ತರ ಬಂತು. ಕೊಂಡವಳು ಆ ಗೋಲ್‌ಕೀಪರನ ಮಗಳು! ಅಪ್ಪನ ಕಾರ್ಡು ಎಲ್ಲೇ ಕಂಡರೂ ಕೊಂಡುಬಿಡುತ್ತಾಳಂತೆ, ಈಗ ಪೆಟ್ಟಿಗೆಯಲ್ಲಿ ಒಂಬತ್ತಿವೆಯಂತೆ. ಕೊಡುತ್ತೇನೆಂದೂ ಇಲ್ಲ, ಕೊಡುವುದಿಲ್ಲವೆಂದೂ ಇಲ್ಲ. ಕೊನೆಗೆ ಒಂದೇ ಪ್ರಶ್ನೆ: ‘ನಮ್ಮಪ್ಪನನ್ನು ಇಷ್ಟು ವರ್ಷ ಹುಡುಕಿದ್ದು ಯಾಕೆ?’

ಕಾರ್ಡಮ್ಮ ಮಂಡಿನೋವಿಗೆ ಹಲ್ಲು ಕಚ್ಚಿಕೊಂಡು ಮೂರು ಮಹಡಿ ಹತ್ತಿ ಡ್ರೈವರನ ಬಾಗಿಲು ತಟ್ಟಿದಳು. ಬನಿಯನ್ನಿನಲ್ಲಿದ್ದ ಅವನು ಒಳಗೆ ಬನ್ನಿ ಎನ್ನಲಿಲ್ಲ. ಬಾಗಿಲಲ್ಲೇ ನಿಂತು ಉತ್ತರವನ್ನು ಎರಡು ಸಲ ಓದಿದ. ಆಮೇಲೆ ತಿರುಗಿ, ಕುರ್ಚಿಯ ಮೇಲಿದ್ದ ಪೇಪರುಗಳನ್ನು ತೆಗೆದ.

“ಕೂತ್ಕೊಳ್ಳಿ. ನಾನು ಹೇಳ್ತೀನಿ, ನೀವು ಬರೀರಿ. ನನ್ನ ಅಕ್ಷರ ಯಾರಿಗೂ ಓದೋಕಾಗಲ್ಲ.”

ಅವಳು ಕಾಗದ ತೆಗೆದಳು.

“ಅವನ ಆಟ ನೋಡಿದ್ದು ಒಂದೇ ಒಂದು. ನಾಲ್ಕು ಗೋಲು ಬಿಟ್ಟ. ಜನ ಬೈದು ಬೈದು ಎದ್ದುಹೋದ್ರು. ನನ್ನ ಬಸ್ಸಿಗೆ ಇನ್ನೂ ಹೊತ್ತಿತ್ತು, ಕೂತೇ ಇದ್ದೆ. ಐದನೇ ಚೆಂಡನ್ನ ಹಾರಿ ಹಿಡಿದ ನೋಡಿ, ಅಂಥದ್ದನ್ನ ನಾನು ಮತ್ತೆ ನೋಡಿಲ್ಲ.”

“ನಾಲ್ಕು ಬಿಟ್ಟಿದ್ದನ್ನೂ ಬರೀಲಾ? ಮಗಳಲ್ವಾ, ಬೇಜಾರಾಗಬಹುದು.”

“ಬರೀರಿ. ಅವಳಿಗೆ ಗೊತ್ತಿರೋದು ಆ ನಾಲ್ಕೇ ಇರಬೇಕು.”

ಹತ್ತು ದಿನಕ್ಕೆ ದಪ್ಪ ರಟ್ಟಿನ ನಡುವೆ ಕಾರ್ಡು ಬಂತು. ಮೂಲೆಗಳು ಸವೆದಿದ್ದವು. ಡ್ರೈವರ್ ಅದನ್ನು ಅಂಗಡಿಗೇ ತಂದು, ಕಾರ್ಡಮ್ಮನ ಎದುರಿಗೇ ಆಲ್ಬಮ್ಮಿಗೆ ಸೇರಿಸಿದ.

ಅವಳು ಹೆದರಿದ್ದು ಪೂರ್ತಿ ಸುಳ್ಳೇನೂ ಆಗಲಿಲ್ಲ. ಈಗ ಅವನು ತಿಂಗಳಿಗೆ ಒಂದೆರಡು ಸಲ ಬರುತ್ತಾನೆ. ಬಂದಾಗ ಗೋಲ್‌ಕೀಪರನ ಮಗಳು ಅವನಿಗೆ ಬರೆಯುತ್ತಿರುವ ಪತ್ರಗಳನ್ನು ಓದಿಹೇಳುತ್ತಾನೆ. ಅಂಗಡಿ ವಾರಕ್ಕೆ ಮೂರೇ ದಿನ ತೆರೆದಿರುತ್ತದೆ. ಉಳಿದ ದಿನ ಕಾರ್ಡಮ್ಮ ಮನೆಯ ಊಟದ ಮೇಜಿನ ಮೇಲೆ ಪಾರ್ಸೆಲ್ ಕಟ್ಟುತ್ತಾಳೆ. ಯಾರಾದರೂ ಹುಡುಕುತ್ತಿರುವ ಕಾರ್ಡು ಬೇರೆಯವರ ಪುಟದಲ್ಲಿ ಕಂಡರೆ ಆ ಗಳಿಗೆಯಲ್ಲೇ ಫೋನ್ ಮಾಡಿ ಹೇಳುತ್ತಾಳೆ. ತನಗೆ ಅದರಲ್ಲಿ ಚಿಕ್ಕಾಸೂ ಇಲ್ಲದಿದ್ದರೂ ಸರಿ.

ಒಂದು ದಿನ ತಂಗಿಯ ಮಗಳು ಕೇಳಿದಳು: “ನೀನು ಅವತ್ತೇ ಹೇಳಿದ್ರೆ ಬರೀ ಕಾರ್ಡು ಸಿಗ್ತಿತ್ತು, ಆ ಮಗಳು ಸಿಗ್ತಿರಲಿಲ್ಲ. ಒಳ್ಳೇದೇ ಆಯ್ತಲ್ವಾ ದೊಡ್ಡಮ್ಮ?”

ಕಾರ್ಡಮ್ಮ ಪಾರ್ಸೆಲ್ಲಿಗೆ ಟೇಪು ಎಳೆಯುತ್ತಿದ್ದಳು. “ಆಗಿದ್ದು ಒಳ್ಳೇದೇ ಕಣೇ,” ಎಂದಳು. “ನಾನು ಮಾಡಿದ್ದು ಒಳ್ಳೇದಲ್ಲ.”